ನ್ಯೂಕ್ಯಾಸಲ್‌ನ ಸಂತ ಪ್ಯಾಟ್ರಿಕ್ ಚರ್ಚ್: ಐರಿಷ್ ವಲಸಿಗರು ಕಟ್ಟಿದ ಇಟ್ಟಿಗೆಯ ದೇವಾಲಯ

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ ನ್ಯೂಕ್ಯಾಸಲ್ ಎಂಬ ಚಿಕ್ಕ ಊರಿದೆ. ಅಲ್ಲಿನ ಡಮರಿಸ್ಕಾಟಾ ಮಿಲ್ಸ್ ಎಂಬಲ್ಲಿ, ಮರಗಳ ನಡುವೆ, ಕೆಂಪು ಇಟ್ಟಿಗೆಯ ಚರ್ಚೊಂದು ನಿಂತಿದೆ. 1808ರ ಜುಲೈ 17ರಂದು ಆಶೀರ್ವಚನಗೊಂಡ ಈ ಸಂತ ಪ್ಯಾಟ್ರಿಕ್ ಚರ್ಚ್, ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಇಂದಿಗೂ ಉಳಿದಿರುವ ಕಥೋಲಿಕ ಚರ್ಚ್‌ಗಳಲ್ಲೇ ಅತ್ಯಂತ ಹಳೆಯದು.

ಇದನ್ನು ಕಟ್ಟಿಸಿದವರು ಇಬ್ಬರು ಐರಿಷ್ ವ್ಯಾಪಾರಿಗಳು. ಜೇಮ್ಸ್ ಕವನಾ ಮತ್ತು ಮ್ಯಾಥ್ಯೂ ಕಾಟ್ರಿಲ್ ಮೊದಲು ಬೋಸ್ಟನ್ನಿಗೆ ಬಂದು, ಬಳಿಕ ಈ ನದೀತೀರಕ್ಕೆ ಬಂದು ನೆಲೆಸಿದರು. ಮರದ ಮಿಲ್ಲು, ಹಡಗು ನಿರ್ಮಾಣ, ವೆಸ್ಟ್ ಇಂಡೀಸ್ ದ್ವೀಪಗಳ ಜೊತೆ ವ್ಯಾಪಾರ ಇವೆಲ್ಲ ಅವರ ಕೈಹಿಡಿದವು. ಕೆಲಸ ಅರಸಿ ಇತರ ಐರಿಷ್ ಕುಟುಂಬಗಳೂ ಬಂದವು. ಊರಲ್ಲಿ ಕಥೋಲಿಕರಾದರು, ಗುರುಗಳು ಮಾತ್ರ ಇರಲಿಲ್ಲ.

ವರ್ಷಕ್ಕೊಮ್ಮೆ ಬರುತ್ತಿದ್ದ ಗುರುಗಳು

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇಶಬಿಟ್ಟು 1796ರಲ್ಲಿ ಬೋಸ್ಟನ್ ತಲುಪಿದ ವಂದನೀಯ ಜಾನ್ ಶೆವರಸ್, ಬೇಸಿಗೆಯಲ್ಲಿ ಮೇಯ್ನ್‌ನ ಮೂಲನಿವಾಸಿ ಪೆನಾಬ್‌ಸ್ಕಾಟ್ ಮತ್ತು ಪಸಮಕ್ವಾಡಿ ಕಥೋಲಿಕರ ಬಳಿಗೆ ಹೋಗುತ್ತಿದ್ದರು. ಈ ಸಂಚಾರಗಳಲ್ಲಿ ನ್ಯೂಕ್ಯಾಸಲ್ ಅವರಿಗೆ ತಂಗುದಾಣ. ಅಲ್ಲಿ ಬಲಿಪೂಜೆ ಅರ್ಪಿಸಿ, ಸಂಸ್ಕಾರಗಳನ್ನು ನೀಡಿ ಮುಂದುವರಿಯುತ್ತಿದ್ದರು.

ಆಗ ಮೇಯ್ನ್ ಪ್ರತ್ಯೇಕ ರಾಜ್ಯವಲ್ಲ, ಮ್ಯಾಸಚೂಸೆಟ್ಸ್‌ನ ಭಾಗ. ಅಲ್ಲಿನ 1780ರ ಸಂವಿಧಾನದ ಪ್ರಕಾರ ಊರಿನ ಪ್ರೊಟೆಸ್ಟೆಂಟ್ ಬೋಧಕರ ಜೀವನಾಧಾರಕ್ಕೆ ಎಲ್ಲರೂ ತೆರಿಗೆ ಕೊಡಬೇಕು. ಬೇರೆ ಪಂಥದ ಪ್ರೊಟೆಸ್ಟೆಂಟರು ತಮ್ಮ ಪಾಲಿನ ಹಣ ತಮ್ಮ ಬೋಧಕರಿಗೇ ಸಲ್ಲಲಿ ಎಂದು ಕೇಳಬಹುದಿತ್ತು. ಕಥೋಲಿಕರಿಗೂ ಇದು ಅನ್ವಯಿಸಬೇಕೆಂದು ಬೋಸ್ಟನ್ನಿನ ಹಿರಿಯ ಗುರು ಮಾತಿನ್ಯೋನ್ ಅವರ ಹೆಸರಿನಲ್ಲಿ ನ್ಯೂಕ್ಯಾಸಲ್ ಊರಿನ ವಿರುದ್ಧ ದಾವೆ ಹೂಡಲಾಯಿತು. 1801ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹಣ ಪ್ರೊಟೆಸ್ಟೆಂಟ್ ಬೋಧಕರಿಗೆ ಮಾತ್ರ. ಕಥೋಲಿಕರನ್ನು ಸಹಿಸಿಕೊಳ್ಳಲಾಗಿದೆ, ಅಷ್ಟೇ. ತೀರ್ಪಿನ ಸಾರ ಇದಾಗಿತ್ತು.

ಇದೇ ವೇಳೆಗೆ ಇನ್ನೊಂದು ಮೊಕದ್ದಮೆಯೂ ಎದುರಾಯಿತು. 1800ರಲ್ಲಿ ಶೆವರಸ್ ನ್ಯೂಕ್ಯಾಸಲ್‌ನಲ್ಲಿ ಕಥೋಲಿಕ ಜೋಡಿಯೊಂದರ ಮದುವೆ ನಡೆಸಿದ್ದರು. ಆ ಊರಲ್ಲಿ ನೆಲೆಸಿದ ಬೋಧಕರಲ್ಲದವರು ಮದುವೆ ಮಾಡಿಸುವಂತಿಲ್ಲ ಎಂಬ ಕಾನೂನಿನಡಿ ಅವರನ್ನೇ ಕಟಕಟೆಗೆ ನಿಲ್ಲಿಸಲಾಯಿತು. ಸರಕಾರದ ಪರ ನಿಂತ ಅಟಾರ್ನಿ ಜನರಲ್ ಜೇಮ್ಸ್ ಸಲ್ಲಿವನ್ ಸ್ವತಃ ಐರಿಷ್ ವಲಸಿಗರ ಮಗ ಎಂಬುದು ಸೋಜಿಗ. ಕೊನೆಗೆ ಶೆವರಸ್‌ಗೆ ಶಿಕ್ಷೆಯಾಗಲಿಲ್ಲ.

ತೆರಿಗೆಯನ್ನೂ ಕೊಟ್ಟು, ಚರ್ಚನ್ನೂ ಕಟ್ಟಿ

ಇಷ್ಟಾದ ಮೇಲೆ ಆ ವ್ಯಾಪಾರಿಗಳು ಸುಮ್ಮನಿರಬಹುದಿತ್ತು. ಬದಲಿಗೆ 1807ರಲ್ಲಿ ಚರ್ಚ್‌ಗೆ ಅಡಿಗಲ್ಲು ಬಿತ್ತು. ಅದೂ ಮರದ ಮಿಲ್ಲಿನ ಮಾಲೀಕರು ಮರ ಬಿಟ್ಟು ದಪ್ಪ ಗೋಡೆಯ ಇಟ್ಟಿಗೆ ಕಟ್ಟಡವನ್ನೇ ಆರಿಸಿಕೊಂಡರು. ಇಲ್ಲೇ ಉಳಿಯುತ್ತೇವೆ ಎಂಬ ಅವರ ಉತ್ತರ ಈ ಗೋಡೆಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ. ವಿನ್ಯಾಸ ಐರ್ಲೆಂಡಿನವರೇ ಆದ ನಿಕೋಲಸ್ ಕಾಡ್ ಅವರದ್ದು. ಕವನಾ ಮತ್ತು ಕಾಟ್ರಿಲ್ ಅವರ ಮನೆಗಳನ್ನು ಕಟ್ಟಿದವರೂ ಇವರೇ. ಕಟ್ಟಡ ದೊಡ್ಡದಲ್ಲ, ಅಲಂಕಾರ ಕಡಿಮೆ. ಆ ಕಾಲದ ಅಮೆರಿಕನ್ ಶೈಲಿಯ ಸರಳ ಅಳತೆಯೇ ಅದರ ಅಂದ.

ಕರಾವಳಿಯ ಓದುಗರಿಗೆ ಇಷ್ಟವಾಗಬಹುದಾದ ಒಂದು ಸಂಗತಿ: ಅದೇ 1807ರಲ್ಲಿ ಅದೇ ಊರಲ್ಲಿ ಮೀನು ಹತ್ತುವ ಕಲ್ಲಿನ ಮೆಟ್ಟಿಲುಗಳನ್ನೂ ಕಟ್ಟಲಾಯಿತು. ನಮ್ಮ ಬೂತಾಯಿಯ ದೂರದ ಬಂಧು ಎನ್ನಬಹುದಾದ ಏಲ್‌ವೈಫ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಮೇಲಿನ ಸರೋವರಕ್ಕೆ ಹೋಗುವ ದಾರಿಗೆ ಮಿಲ್ಲುಗಳು ಅಡ್ಡವಾಗಿದ್ದವು.

ಚರ್ಚನ್ನು ಆಶೀರ್ವದಿಸಿದವರು ಶೆವರಸ್. ಮೂರು ತಿಂಗಳ ಹಿಂದೆ, 1808ರ ಏಪ್ರಿಲ್ 8ರಂದು, ಜಗದ್ಗುರುಗಳು ಬೋಸ್ಟನ್ ಧರ್ಮಪ್ರಾಂತ್ಯವನ್ನು ಸ್ಥಾಪಿಸಿ ಅವರನ್ನೇ ಮೊದಲ ಬಿಷಪರನ್ನಾಗಿ ಹೆಸರಿಸಿದ್ದರು. ಆದರೆ ನೆಪೋಲಿಯನ್ ಕಾಲದ ಗೊಂದಲದಲ್ಲಿ ಅಧಿಕೃತ ಪತ್ರಗಳು ತಲುಪಿದ್ದು 1810ರಲ್ಲಿ, ಅವರ ಅಭಿಷೇಕವೂ ಅದೇ ವರ್ಷ. ಮುಂದೆ ಫ್ರಾನ್ಸಿಗೆ ಮರಳಿ ಬೋರ್ಡೋದ ಆರ್ಚ್‌ಬಿಷಪ್, 1836ರಲ್ಲಿ ಕಾರ್ಡಿನಲ್ ಆಗಿ, ಅದೇ ವರ್ಷ ನಿಧನರಾದರು.

ಚರ್ಚಿನ ಗಂಟೆ 1818ರದ್ದು. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪ್ರಸಿದ್ಧ ಪಾಲ್ ರೆವೆರೆ ಅವರ ಎರಕದ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದು. 1973ರಲ್ಲಿ ಈ ಚರ್ಚ್ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಅದು ಈಗ 1853ರಲ್ಲಿ ಸ್ಥಾಪನೆಯಾದ ಪೋರ್ಟ್‌ಲ್ಯಾಂಡ್ ಧರ್ಮಪ್ರಾಂತ್ಯಕ್ಕೆ ಸೇರಿದೆ.

1820ರಲ್ಲಿ ಮೇಯ್ನ್ ಪ್ರತ್ಯೇಕ ರಾಜ್ಯವಾದಾಗ ಅದರ ಸಂವಿಧಾನ ಎಲ್ಲ ಪಂಥಗಳಿಗೂ ಸಮಾನ ಸ್ಥಾನ ನೀಡಿತು. ಮ್ಯಾಸಚೂಸೆಟ್ಸ್‌ನಲ್ಲಿ ಆ ಧಾರ್ಮಿಕ ತೆರಿಗೆ ರದ್ದಾಗಲು 1833ರವರೆಗೆ ಕಾಯಬೇಕಾಯಿತು. ಜೇಮ್ಸ್ ಕವನಾ ಅವರ ಮಗ ಎಡ್ವರ್ಡ್ ಅಮೆರಿಕ ಸಂಸತ್ತಿನ ಸದಸ್ಯರಾಗಿ, ಪೋರ್ಚುಗಲ್‌ನಲ್ಲಿ ದೇಶದ ಪ್ರತಿನಿಧಿಯಾಗಿ ಸೇವೆ ಸಲ್ಲಿಸಿ, 1843ರಲ್ಲಿ ಮೇಯ್ನ್‌ನ ಗವರ್ನರ್ ಹೊಣೆ ಹೊತ್ತರು. ನ್ಯೂ ಇಂಗ್ಲೆಂಡಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಥೋಲಿಕ ಅವರು. 1844ರ ಜನವರಿಯಲ್ಲಿ ತೀರಿಕೊಂಡ ಅವರ ಸಮಾಧಿ ಡಮರಿಸ್ಕಾಟಾ ಮಿಲ್ಸ್‌ನ ಸಂತ ಪ್ಯಾಟ್ರಿಕ್ ಸ್ಮಶಾನದಲ್ಲಿದೆ.