ಮೂವತ್ತು ವರ್ಷದ ಕಾಗದ, ಮೂವತ್ತು ನಿಮಿಷದ ಗೋಡೆ

ಈ ವಾರದ ಕಂತು ಹಳೇ ಮನೆ ಕೊಳ್ಳೋಕೆ ಹೊರಟಿರುವವರಿಗೆ. ಕೊಳ್ಳುವ ಶಕ್ತಿ ಇಲ್ಲದೆ, ಸಂಜೆ ವಾಕಿಂಗ್ ನೆಪದಲ್ಲಿ ಬಸವನಗುಡಿಯ ಕಾಂಪೌಂಡುಗಳೊಳಗೆ ಇಣುಕಿ ಆಸೆ ಪಡುವ ನನ್ನಂಥವರೂ ಕೇಳಬಹುದು.

ಮನೆಯಲ್ಲಿ ಯಾವುದಾದರೂ ಶುದ್ಧ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ಓದಿ. ಚೆಕ್ಕುಬಂದಿ ಬರೆದ ಆಸುಪಾಸಿನಲ್ಲೇ ಒಂದು ಸಾಲು ಸಿಗುತ್ತೆ: ಈ ಸ್ವತ್ತಿಗೆ ಸೇರಿದ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಲ್ಲವೂ ಇನ್ನು ಮುಂದೆ ನಿಮ್ಮದು ಅಂತ. ಇದು ನಿನ್ನೆ ಮೊನ್ನೆಯ ಭಾಷೆ ಅಲ್ಲ. ನಮ್ಮ ಹಳೆಯ ದಾನಶಾಸನಗಳಲ್ಲಿ 'ಅಷ್ಟಭೋಗ ತೇಜಸ್ವಾಮ್ಯ' ಅಂತ ಬರುತ್ತಲ್ಲ, ಅದರ ತುಂಡು ಇವತ್ತಿನ ಸ್ಟ್ಯಾಂಪ್ ಪೇಪರಿನ ಮೇಲೂ ಉಳಿದುಕೊಂಡಿದೆ. ಅಂದರೆ ಮೂವತ್ತು ನಲವತ್ತರ ಸೈಟಿನ ಕೆಳಗೆ ಚಿನ್ನದ ಕೊಡ ಸಿಕ್ಕಿದರೆ ಅದು ಯಾರದು ಅನ್ನೋದಕ್ಕೆ ಪತ್ರದಲ್ಲಿ ವ್ಯವಸ್ಥೆ ಇದೆ. (ಕಾನೂನು ಹಾಗೆ ಬಿಟ್ಟುಕೊಡಲ್ಲ ಅನ್ನೋದು ಬೇರೆ ಮಾತು.) ಅದೇ ಸೈಟಿನ ಮೇಲಿರುವ ಮನೆಯ ತೊಲೆಗೆ ಗೆದ್ದಲು ಹಿಡಿದಿದೆಯಾ ಅನ್ನೋದಕ್ಕೆ ಒಂದು ಅಕ್ಷರವೂ ಇಲ್ಲ.

ನಾವು ಕೊಳ್ಳುವ ರೀತಿಯೂ ಹಾಗೇ. ಮೂಲಪತ್ರದಿಂದ ಶುರು ಮಾಡಿ ಮೂವತ್ತು ವರ್ಷದ ಇ.ಸಿ. ತೆಗೆಸುತ್ತೇವೆ, ಖಾತಾ, ಕಂದಾಯ ರಸೀದಿ, ವಂಶವೃಕ್ಷ, ಎಲ್ಲವನ್ನೂ ವಕೀಲರ ಹತ್ತಿರ ಓದಿಸುತ್ತೇವೆ. ಅದು ಬೇಕೇ ಬೇಕು, ತಪ್ಪು ಅನ್ನುತ್ತಿಲ್ಲ. ಆಮೇಲೆ ಮನೆ ನೋಡಲು ಅರ್ಧ ಗಂಟೆ. ಅದರಲ್ಲೂ ಕಾಲು ಗಂಟೆ ಅಡುಗೆಮನೆ ಯಾವ ಮೂಲೆಯಲ್ಲಿದೆ ಅನ್ನೋ ಚರ್ಚೆ. ವಾಸ್ತುವಿನವರನ್ನು ಕಾರು ಕಳಿಸಿ ಕರೆಸಿಕೊಳ್ಳುವವರು ಸಿವಿಲ್ ಇಂಜಿನಿಯರನ್ನು ಕರೆಯೋದು ಗೃಹಪ್ರವೇಶದ ಊಟಕ್ಕೆ!

ಹೀಗ್ಯಾಕಾಯ್ತು? ಕಾನೂನಿನಿಂದ ಶುರು ಮಾಡೋಣ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಓದಿದವರಿಗೆ 'ಕೊಳ್ಳುವವನೇ ಎಚ್ಚರ ವಹಿಸಲಿ' ಅನ್ನೋ ತತ್ವ ನೆನಪಿರುತ್ತೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್, ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ. ಆದರೆ ಅದು ಸರಕಿನ ವಿಷಯ. ಮನೆ, ಜಮೀನಿಗೆ ಇರೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಅದರ 55ನೇ ಸೆಕ್ಷನ್. ಸ್ವತ್ತಿನಲ್ಲಿ ದೊಡ್ಡ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಧಾರಣ ಎಚ್ಚರದಿಂದ ನೋಡಿದರೂ ಅವನ ಕಣ್ಣಿಗೆ ಬೀಳುವಂಥದ್ದಲ್ಲದಿದ್ದರೆ, ಮಾರುವವನು ಅದನ್ನು ಹೇಳಲೇಬೇಕು. ನ್ಯಾಯವಾಗೇ ಇದೆ. ಆದರೆ ಆ 'ಸಾಧಾರಣ ಎಚ್ಚರ' ಅನ್ನೋ ಎರಡು ಪದಗಳ ಹಿಂದೆ ಎಷ್ಟು ಜನ ಬಚ್ಚಿಟ್ಟುಕೊಳ್ಳಬಹುದು ನೋಡಿ. ಗೋಡೆಯ ಬಿರುಕು ಎದುರಿಗೇ ಇತ್ತಲ್ಲ ಸ್ವಾಮಿ, ನೀವು ನೋಡಬೇಕಿತ್ತು ಅಂದರೆ ಮುಗೀತು. ಅಥವಾ, ನನಗೂ ಗೊತ್ತಿರಲಿಲ್ಲ ಅಂದುಬಿಟ್ಟರೆ? ಗೊತ್ತಿತ್ತು ಅಂತ ಸಾಬೀತು ಮಾಡೋ ಹೊರೆ ಕೊಂಡವನ ತಲೆ ಮೇಲೆ.

ಈ ಕಾಯ್ದೆಯ ಬೇರು ಇಂಗ್ಲೆಂಡಿನದು. ಅಲ್ಲಿ ಏನಾಯ್ತು ಅಂತ ನೋಡೋದು ಒಳ್ಳೇದು, ಯಾಕಂದರೆ ಅಲ್ಲಿನ ಒಂದು ಕೇಸು ನಮ್ಮ ಯಾವುದೋ ಬಡಾವಣೆಯಲ್ಲಿ ನಡೆದ ಹಾಗೇ ಇದೆ.

ನಾರ್ವಿಚ್ ಊರಿನಲ್ಲಿ ಶ್ರೀಮತಿ ಸ್ಮಿತ್ ಅನ್ನೋರು ಒಂದು ಸಾಧಾರಣ ಹಳೇ ಮನೆ ಕೊಳ್ಳಲು ಗೃಹಸಾಲಕ್ಕೆ ಅರ್ಜಿ ಹಾಕಿದರು. ಸಾಲ ಕೊಡುವ ಸಂಸ್ಥೆ ಮನೆ ನೋಡಲು ತನ್ನ ಪರವಾಗಿ ಸರ್ವೇಯರ್ ಒಬ್ಬರನ್ನು ಕಳಿಸಿತು. ಅದರ ಫೀಸು 36 ಪೌಂಡು ಚಿಲ್ಲರೆ, ಕಟ್ಟಿದ್ದು ಸ್ಮಿತ್. ದೊಡ್ಡ ರಿಪೇರಿ ಏನೂ ಬೇಕಿಲ್ಲ ಅಂತ ವರದಿ ಬಂತು, ಮನೆ ಕೊಂಡರು. ಹದಿನೆಂಟು ತಿಂಗಳಾದ ಮೇಲೆ ಚಿಮಣಿಯ ಇಟ್ಟಿಗೆಗಳು ಕುಸಿದು, ಚಾವಣಿ ಒಡೆದು ಮಲಗುವ ಕೋಣೆಗೆ ಬಿದ್ದವು. ಆಗಿದ್ದೇನು ಅಂದರೆ, ಹಿಂದೆ ಯಾರೋ ಮೊದಲ ಮಹಡಿಯಲ್ಲಿ ಚಿಮಣಿಯ ಬುಡವನ್ನೇ ಒಡೆದು ತೆಗೆದಿದ್ದರು. ಮೇಲಿನ ಭಾಗ ಸರಿಯಾದ ಆಸರೆಯಿಲ್ಲದೆ ನಿಂತಿತ್ತು. ಬುಡ ಇಲ್ಲ ಅನ್ನೋದು ಸರ್ವೇಯರಿಗೆ ಕಂಡಿತ್ತು. ಹಾಗಾದರೆ ಮೇಲಿನದನ್ನು ಯಾವುದು ಹೊತ್ತಿದೆ ಅಂತ ಅವರು ಹತ್ತಿ ನೋಡಲಿಲ್ಲ, ಅಷ್ಟೇ.

ಅರ್ಜಿಯಲ್ಲೂ ವರದಿಯಲ್ಲೂ 'ಇದಕ್ಕೆ ನಾವು ಜವಾಬ್ದಾರರಲ್ಲ' ಅಂತ ಬರೆದಿತ್ತು. ಕೇಸು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1989ರಲ್ಲಿ ತೀರ್ಪು ಸ್ಮಿತ್ ಪರವಾಗಿ ಬಂತು. ಸಾಧಾರಣ ಬೆಲೆಯ ಮನೆ ಕೊಳ್ಳುವವರು ಬೇರೆ ಸರ್ವೇಯರನ್ನು ಇಡಲ್ಲ, ಈ ವರದಿಯನ್ನೇ ನಂಬುತ್ತಾರೆ, ಅದು ಸರ್ವೇಯರಿಗೂ ಗೊತ್ತು, ಆದ್ದರಿಂದ ಹಾಗೆ ಕೈ ತೊಳೆದುಕೊಳ್ಳೋಕೆ ಆಗಲ್ಲ ಅಂದರು ನ್ಯಾಯಾಧೀಶರು. ಇಲ್ಲಿ ನನಗೆ ಮುಖ್ಯ ಅನಿಸೋದು ಪರಿಹಾರದ ಮೊತ್ತ ಅಲ್ಲ. ಬ್ಯಾಂಕಿನವರು ಬಂದು ನೋಡಿದರಲ್ಲ, ಸಾಲ ಕೊಟ್ಟರಲ್ಲ, ಹಾಗಾದರೆ ಮನೆ ಗಟ್ಟಿ ಇದೆ ಅಂತ ನಾವೂ ಅಂದುಕೊಳ್ಳುತ್ತೇವೆ ಅಲ್ವಾ? ಬ್ಯಾಂಕಿನ ವ್ಯಾಲ್ಯುಯರ್ ಬರೋದು ಬ್ಯಾಂಕಿನ ದುಡ್ಡಿಗೋಸ್ಕರ. ನೀವು ಕಂತು ಕಟ್ಟದಿದ್ದರೆ ಈ ಸ್ವತ್ತು ಮಾರಿದಾಗ ಸಾಲ ವಸೂಲಾಗುತ್ತಾ ಅನ್ನೋದು ಅವರ ಪ್ರಶ್ನೆ. ಬೆಂಗಳೂರಿನಂಥ ಊರಲ್ಲಿ ಸೈಟಿನ ಬೆಲೆಯೊಂದೇ ಅದಕ್ಕೆ ಸಾಕಾಗಬಹುದು.

ಅಮೆರಿಕದಲ್ಲಿ ಇದು ಒಂದು ಕಸುಬಾಗಿಯೇ ಬೆಳೆಯಿತು. 1976ರಲ್ಲಿ ಮನೆ ತಪಾಸಕರ ಸಂಘ ಶುರುವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಈಸ್ಟನ್ ಅನ್ನೋ ಮಹಿಳೆ 1,70,000 ಡಾಲರಿಗೆ ಮನೆ ಕೊಂಡರು. ಸರಿಯಾಗಿ ದಮ್ಮಸ್ಸು ಮಾಡದ ತುಂಬುಮಣ್ಣಿನ ಮೇಲೆ ಕಟ್ಟಿದ ಮನೆ. ಮೊದಲೇ ಎರಡು ಸಲ ಮಣ್ಣು ಜಾರಿತ್ತು, ಮಾರಿದವರು ಹೇಳಿರಲಿಲ್ಲ. ಕೊಂಡ ಸ್ವಲ್ಪ ದಿನಕ್ಕೇ ನೆಲ ಮತ್ತೆ ಜಾರಿತು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಏನಂದರೆ, ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಹಾಸಿದ್ದ ಬಲೆ, ಮಟ್ಟವಿಲ್ಲದ ನೆಲ, ಇವು ಏಜೆಂಟರ ಕಣ್ಣಿಗೆ ಬಿದ್ದಿದ್ದವು. 1984ರಲ್ಲಿ ಕೋರ್ಟು, ಬ್ರೋಕರ್ ಮನೆಯನ್ನು ಸರಿಯಾಗಿ ನೋಡಿ, ಕಂಡಿದ್ದನ್ನು ಕೊಳ್ಳುವವರಿಗೆ ಹೇಳಬೇಕು ಅಂದಿತು. ಮರುವರ್ಷ ಅಲ್ಲಿನ ಶಾಸನಸಭೆ ಆ ಕರ್ತವ್ಯವನ್ನು ಕಾನೂನಿನಲ್ಲೇ ಬರೆಯಿತು. ನಮ್ಮ ಎರಡು ಪರ್ಸೆಂಟ್ ಕಮಿಷನ್ನಿನ ಬ್ರೋಕರಣ್ಣನಿಗೆ ಈ ಕಥೆ ಹೇಳಿ ನೋಡಿ, ನಗ್ತಾರೆ.

ಒಂದು ದೆವ್ವದ ಕಥೆ ಹೇಳಿ ಮುಂದೆ ಹೋಗ್ತೀನಿ. 1991ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟು ಒಂದು ಮನೆಯ ವ್ಯಾಪಾರ ರದ್ದು ಮಾಡಿಕೊಳ್ಳಲು ಕೊಂಡವರಿಗೆ ಅವಕಾಶ ಕೊಟ್ಟಿತು. ಕಾರಣ: ಮನೆಯಲ್ಲಿ ದೆವ್ವ ಇದೆ ಅಂತ ಮಾರಿದವರೇ ಹಿಂದೆ ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು, ಕೊಳ್ಳಲು ಬಂದ ಹೊರಊರಿನವರಿಗೆ ಮಾತ್ರ ಹೇಳಿರಲಿಲ್ಲ. ಎಷ್ಟೇ ಎಚ್ಚರದಿಂದ ತಪಾಸಣೆ ಮಾಡಿಸಿದರೂ ದೆವ್ವ ಸಿಗೋದಿಲ್ಲವಲ್ಲ ಅನ್ನೋದು ವಾದ. ಸರಿ. ದೆವ್ವಕ್ಕೆ ಅಷ್ಟು ರಕ್ಷಣೆ ಇದ್ದ ಮೇಲೆ ತೇವಕ್ಕೆ ಯಾಕಿರಬಾರದು?

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನಲ್ಲಿ 'ಹಳೇ ಮನೆ' ಅಂದರೆ ಒಂದೇ ತರಹದ್ದಲ್ಲ. ಯಾವ ಕಾಲದ್ದು ಅಂತ ಗೊತ್ತಾದರೆ ಕಾಯಿಲೆ ಏನಿರಬಹುದು ಅಂತಲೂ ಅರ್ಧ ಗೊತ್ತಾಗುತ್ತೆ.

1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಯ ಕಡೆ ಹೊರಟರು. ಆ ಕಾಲದ ಮನೆಗಳಲ್ಲಿ ಸಿಮೆಂಟಿಲ್ಲ. ಭಾರತದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನ ತಯಾರಿಕೆ ನೆಲೆ ನಿಂತಿದ್ದೇ 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ. ಹಾಗಾಗಿ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಒಂದೋ ಮಂಗಳೂರು ಹೆಂಚು (1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯ ಕೊಡುಗೆ), ಇಲ್ಲವೇ ಮದ್ರಾಸ್ ತಾರಸಿ. ಮದ್ರಾಸ್ ತಾರಸಿ ಅಂದರೆ ಮರದ ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಯ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಮೇಲೆ ಸುಣ್ಣದ ಕಾಂಕ್ರೀಟು ಹಾಕಿ ದಿನಗಟ್ಟಲೆ ಬಡಿಯೋದು. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರು. ಚೆನ್ನಾಗಿ ನೋಡಿಕೊಂಡರೆ ನೂರು ವರ್ಷ ಬಾಳುವ ಸೂರು.

ಇದರ ಶತ್ರು ಕಾಲ ಅಲ್ಲ, ರಿಪೇರಿ. ಸುಣ್ಣದ ಗಾರೆ ತೇವವನ್ನು ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತೆ. ಅದರ ಮೇಲೆ ಗಟ್ಟಿಯಾಗಲಿ ಅಂತ ಸಿಮೆಂಟ್ ಪ್ಲಾಸ್ಟರ್ ಬಳಿದರೆ ನೀರು ಒಳಗೇ ಸಿಕ್ಕಿಬೀಳುತ್ತೆ. ಗೋಡೆಯೊಳಗೆ ಸೇರಿರುವ ತೊಲೆಯ ತುದಿ ಅಲ್ಲೇ, ಕತ್ತಲಲ್ಲಿ, ಕೊಳೆಯುತ್ತೆ. ಕೆಳಗೆ ನಿಂತು ನೋಡಿದರೆ ತೊಲೆಯ ನಡುಭಾಗ ಎಣ್ಣೆ ಬಳಿದು ಫಳಫಳ ಅಂತಿರುತ್ತೆ, ಭಾರ ಕೂತಿರೋದು ಕೊಳೆತ ತುದಿಯ ಮೇಲೆ.

ವೈರಿಂಗಿನದು ಇನ್ನೊಂದು ಕಥೆ. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದಿದ್ದು 1905ರಲ್ಲಿ. ಅಂದರೆ ಮೊದಲ ತಲೆಮಾರಿನ ಮನೆಗಳು ಕರೆಂಟನ್ನು ನೆನೆಸಿಕೊಂಡು ಕಟ್ಟಿದವಲ್ಲ. ಆಮೇಲೆ ಮರದ ಪಟ್ಟಿಯೊಳಗೆ ತಂತಿ ಎಳೆದರು, ಇನ್ನೊಬ್ಬರು ಬಂದು ಅದರ ಪಕ್ಕ ಪಿ.ವಿ.ಸಿ. ಪೈಪು ಕೂರಿಸಿದರು, ಮೂರನೆಯವರು ಗೀಸರಿಗೆ ಅಂತ ಅದಕ್ಕೇ ಜೋಡಿಸಿದರು. ಎರಡು ತೂತಿನ ಪ್ಲಗ್ ಪಾಯಿಂಟ್ ಇನ್ನೂ ಇದ್ದರೆ ಅರ್ಥಿಂಗ್ ಬಗ್ಗೆ ಕೇಳಲೇಬೇಕು. ಸ್ನಾನದ ಮನೆಯಲ್ಲಿ ಅದು ಜೀವದ ಪ್ರಶ್ನೆ.

ಆದರೆ ನಿಜವಾಗಿ ಮಾರಾಟಕ್ಕೆ ಹೆಚ್ಚಾಗಿ ಬರೋದು ಈ ಚಂದದ ಮನೆಗಳಲ್ಲ. 1960ರಿಂದ 80ರ ಮಧ್ಯೆ ನಿವೃತ್ತಿ ದುಡ್ಡಿನಲ್ಲಿ, ಸಿಮೆಂಟು ಪರ್ಮಿಟ್ಟಿಗೆ ಸಿಗುತ್ತಿದ್ದ ಕಾಲದಲ್ಲಿ ಕಟ್ಟಿದ ಆರ್.ಸಿ.ಸಿ. ಮನೆಗಳು. ಹೊಸ ಕಾಂಕ್ರೀಟು ಕ್ಷಾರ, ಆ ಕ್ಷಾರವೇ ಒಳಗಿನ ಕಂಬಿಗೆ ಕವಚ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತೆ. ಕವಚ ಹೋದ ಮೇಲೆ ನೀರು ಸೇರಿದರೆ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಉಬ್ಬುತ್ತೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತೆ.

ನನ್ನ ಸೋದರಮಾವ ಕೊಂಡಿದ್ದು ಇಂಥದ್ದೇ ಮನೆ. ರಿಟೈರ್ ಆದಾಗ ಬಂದ ಪಿ.ಎಫ್. ಹಣ ಪೂರ್ತಿ ಹಾಕಿದ್ದರು. ಕಾಗದ ಬಂಗಾರದಂತಿತ್ತು, ವಕೀಲರು ಒಂದು ಕೊಂಕೂ ತೆಗೆಯಲಿಲ್ಲ. ಮನೆಗೆ ಹೊಸ ಬಣ್ಣ, ಹಾಲಿಗೆ ಹೊಸ ಫಾಲ್ಸ್ ಸೀಲಿಂಗ್. ಮೊದಲ ಮಳೆಗಾಲದಲ್ಲಿ ಫಾಲ್ಸ್ ಸೀಲಿಂಗಿನ ಒಂದು ಹಾಳೆ ಜೋತುಬಿತ್ತು. ಬಿಚ್ಚಿ ನೋಡಿದರೆ ಅದರ ಮೇಲೆ ಅಂಗೈಯಗಲದ ಕಾಂಕ್ರೀಟ್ ತುಂಡುಗಳು ಬಿದ್ದುಕೊಂಡಿದ್ದವು, ಮೇಲೆ ಕಂಬಿ ಕೆಂಪಗೆ ಕಾಣುತ್ತಿತ್ತು. ಮಾರಿದವರಿಗೆ ಗೊತ್ತಿತ್ತಾ? ಫಾಲ್ಸ್ ಸೀಲಿಂಗ್ ಹಾಕಿಸಿದವರಿಗೆ ಗೊತ್ತಿರದೆ ಇರುತ್ತಾ ಅಂತ ನಾನು. 'ಹೋಗಲಿ ಬಿಡೋ, ಕೋರ್ಟಿಗೆ ಯಾರು ಅಲೀತಾರೆ' ಅಂತ ಮಾವ. ಆ ವರ್ಷ ಅತ್ತೆಯ ಮಂಡಿ ಆಪರೇಷನ್ನಿಗೆ ಇಟ್ಟಿದ್ದ ಹಣ ಸೂರಿಗೆ ಹೋಯಿತು. ಅತ್ತೆ ಇವತ್ತಿಗೂ ಕೋಲು ಹಿಡಿದೇ ಮೆಟ್ಟಿಲು ಹತ್ತೋದು.

2021ರ ಸೆಪ್ಟೆಂಬರಿನಲ್ಲಿ ಲಕ್ಕಸಂದ್ರದಲ್ಲಿ ಒಂದು ಹಳೇ ಕಟ್ಟಡ ಕುಸಿದ ವಿಡಿಯೊ ನೀವೆಲ್ಲ ನೋಡಿರ್ತೀರಿ. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವಗಳು ಉಳಿದವು. ಆಮೇಲೆ ಪಾಲಿಕೆ ಶಿಥಿಲ ಕಟ್ಟಡಗಳ ಸಮೀಕ್ಷೆಗೆ ಹೊರಟಿತು. 2016ರ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಬಿಲ್ಡರ್ ಐದು ವರ್ಷ ಜವಾಬ್ದಾರ ಅಂತ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಅದು ಬಿಲ್ಡರ್ ಮಾರುವ ಹೊಸ ಯೋಜನೆಗಳಿಗೆ. ಒಬ್ಬ ಮನೆಯವರು ಇನ್ನೊಬ್ಬ ಮನೆಯವರಿಗೆ ಮಾರುವ ನಲವತ್ತು ವರ್ಷದ ಮನೆಗೆ ಅಲ್ಲ.

ನಮ್ಮಲ್ಲಿ ಈ ತಪಾಸಣೆಯ ಕಸುಬು ಯಾಕೆ ಬೇರು ಬಿಡಲಿಲ್ಲ? ನನ್ನ ಲೆಕ್ಕ ಹೀಗೆ. ಮನೆ ಅನ್ನೋದು ನಮ್ಮಲ್ಲಿ ಕಟ್ಟಿಸೋದು, ಮಕ್ಕಳಿಗೆ ಬಿಡೋದು. ತಳಪಾಯ ಎಷ್ಟು ಆಳ, ಎಲ್ಲಿ ಬಾವಿ ಮುಚ್ಚಿದ್ದಾರೆ, ಎಲ್ಲ ಅಪ್ಪನಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು. ಅಪರಿಚಿತರಿಂದ ಮನೆ ಕೊಳ್ಳುವ ಕಾಲ ಬಂದಾಗ ಆ ತಿಳುವಳಿಕೆ ಮಾತ್ರ ಪತ್ರದ ಜೊತೆ ಕೈ ಬದಲಾಗಲಿಲ್ಲ. ಎರಡನೆಯದು, ಅಕೌಂಟೆನ್ಸಿ ಓದಿದವನ ಸಂಕಟ: ನೆಲಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಎರಡನ್ನೂ ಬೇರೆ ಬೇರೆ ಬರೆಯಬೇಕು ಅಂತ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಮನೆ ಕೊಳ್ಳುವಾಗ ಮಾತ್ರ ಒಂದೇ ಮೊತ್ತ ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಕೆಡವಿ ಕಟ್ಟುವವನಿಗೆ ಅದು ಸರಿ, ಅವನು ಕೊಳ್ಳೋದು ಸೈಟು. ಅದೇ ಮನೆಯಲ್ಲಿ ಬಾಳುವವನು ಸವೆದುಹೋದ ಕಟ್ಟಡಕ್ಕೆ ಹೊಸದರ ದುಡ್ಡು ಕೊಟ್ಟಿರುತ್ತಾನೆ.

ಇಷ್ಟಕ್ಕೂ ಇದು ದೊಡ್ಡ ವಿದ್ಯೆ ಏನಲ್ಲ. ಅನುಭವವಿರುವ ಸ್ಟ್ರಕ್ಚರಲ್ ಇಂಜಿನಿಯರ್ ಸಣ್ಣ ಸುತ್ತಿಗೆಯಲ್ಲಿ ಸೂರು ತಟ್ಟಿದರೆ ಟೊಳ್ಳು ಶಬ್ದ ಕಿವಿಗೇ ಗೊತ್ತಾಗುತ್ತೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ಹನಿಸಿದರೆ ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತೆ, ಹೋಗಿರುವ ಕಡೆ ಬರಲ್ಲ. ಹತ್ತನೇ ಕ್ಲಾಸಿನ ಲ್ಯಾಬಿನ ಅದೇ ಸೀಸೆ. ಸಾಧ್ಯವಾದರೆ ಮಳೆಗಾಲದಲ್ಲಿ ಮನೆ ನೋಡಿ. ಹೊಸ ಬಣ್ಣ, ಗೋಡೆಗೆ ಆತುಕೊಂಡ ಬೀರು, ಅರ್ಧ ಮನೆಗೆ ಮಾತ್ರ ಇರುವ ಫಾಲ್ಸ್ ಸೀಲಿಂಗ್ ಕಂಡರೆ, ಇದರ ಹಿಂದೆ ಏನಿದೆ ಅಂತ ಕೇಳೋಕೆ ಸಂಕೋಚ ಬೇಡ.

ಕೊನೆಗೆ ಕಾಗದಕ್ಕೇ ವಾಪಸ್ ಬರ್ತೀನಿ, ಯಾಕಂದರೆ ನಮ್ಮವರು ನಂಬೋದು ಅದನ್ನೇ. ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು ಮಾಡಿಕೊಂಡ ಮೇಲೆ ರಿಜಿಸ್ಟ್ರೇಷನ್ನಿಗೆ ಸಾಮಾನ್ಯವಾಗಿ ಒಂದಷ್ಟು ತಿಂಗಳು ಸಮಯ ಇರುತ್ತೆ. ಆ ಕರಾರಿನಲ್ಲಿ ಎರಡು ಸಾಲು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಇಷ್ಟು ದಿನದೊಳಗೆ ನಮ್ಮ ಇಂಜಿನಿಯರ್ ಮನೆ ಪರೀಕ್ಷಿಸಲು ಮಾರುವವರು ಬಿಡಬೇಕು ಅಂತ ಒಂದು. ದೊಡ್ಡ ದೋಷ ಕಂಡರೆ ಬೆಲೆ ಇಳಿಸಬೇಕು, ಇಲ್ಲವೇ ಅಡ್ವಾನ್ಸ್ ವಾಪಸ್ ಕೊಡಬೇಕು ಅಂತ ಇನ್ನೊಂದು. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಮಾಹಿತಿಯೇ. ನಿಧಿ ನಿಕ್ಷೇಪದ ಸಾಲು ಹಾಗೇ ಇರಲಿ, ಯಾರಿಗೆ ಗೊತ್ತು.