ಕಾಲುವೆ ಕರ ಮತ್ತು ಹಸಿರು ಶಾಲು

ರೈತನಿಗೆ ರಾಜಕೀಯ ಯಾಕೆ ಬೇಕ್ರೀ ಅನ್ನೋದು ನಮ್ಮ ಕಡೆ ಹಳೇ ಮಾತು. ಓಟು ಹಾಕಿ ಹೊಲಕ್ಕೆ ಹೋಗೋದು, ಅಷ್ಟೇ. ಅವರನ್ನು ಬೀದಿಗೆ ತಂದದ್ದು ಒಂದು ಕರ. ಮಲಪ್ರಭಾ ಕಾಲುವೆ ಬಂದ ಮೇಲೆ ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಿತ್ತು. ಅತ್ತ ಹತ್ತಿ ಧಾರಣೆ ಕುಸಿದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಕಚೇರಿ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಹಸಿರು ಶಾಲು ಹೊದ್ದು ಸಾಹೇಬರನ್ನೇ ಲೆಕ್ಕ ಕೇಳಿದರು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರವೇ ಹೋಯಿತು.

ಸೊಸೈಟಿಗಳಿಗೆ ಮಾತ್ರ ಇಕ್ಕಟ್ಟು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದಿತು ರೈತ ಸಂಘ. ಖರೇ ಮಾತು, ನಮ್ಮ ಮಾಲಿಗೆ ಬೆಲೆ ಕಟ್ಟುವವರು ನಾವಲ್ಲವಲ್ಲ. ಆದರೆ ಸೊಸೈಟಿ ತಿಜೋರಿಯಲ್ಲಿ ಪಕ್ಕದ ಮನೆಯವನ ಷೇರು ಹಣವೂ ಇರ್ತದೆ. ವಸೂಲಿಗೆ ಹೋದರೆ ವೈರಿ, ಬಿಟ್ಟರೆ ಮುಂದಿನ ಮುಂಗಾರಿಗೆ ಗೊಬ್ಬರದ ಸಾಲ ಇಲ್ಲ.

1989ರಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಆಮೇಲೆ ಸಂಘ ಒಡೆಯಿತು. ಅವರು ಬೇರೆ ಪಕ್ಷ ಸೇರಿ 1998ರಲ್ಲಿ ಕೇಂದ್ರದಲ್ಲಿ ಮಂತ್ರಿಯಾದರು. ಬಹಳ ಮಂದಿ ಶಾಲು ಮಡಚಿಟ್ಟರು. ಅಂಥವರಲ್ಲಿ ಕೆಲವರು ಇವತ್ತಿಗೂ ನಮ್ಮ ವಾರ್ಷಿಕ ಸಭೆಗೆ ಬಂದು, ಜಮಾಖರ್ಚಿನ ಒಂದೊಂದು ಬಾಬಿಗೂ ಎದ್ದು ನಿಂತು ಪ್ರಶ್ನೆ ಕೇಳ್ತಾರೆ.