ಎಳೆಯ ಶಿಶುಗಳಲ್ಲಿ ಅಲರ್ಜಿಯಿಂದ ಉಂಟಾಗುವ ದೊಡ್ಡ ಕರುಳಿನ ಉರಿಯೂತ – ಸಾರ್ವಜನಿಕರ ಮಾಹಿತಿಗಾಗಿ

ಎದೆಹಾಲು ಕುಡಿದು ಚೆನ್ನಾಗಿ ಬೆಳೆಯುತ್ತಿರುವ ಶಿಶುವಿನ ಮಲದಲ್ಲಿ ರಕ್ತದ ಎಳೆಗಳು ಹಾಗೂ ಲೋಳೆ ಕಂಡುಬಂದಲ್ಲಿ, ಅದಕ್ಕೆ ಆಹಾರದ ಪ್ರೋಟೀನಿನ ಅಲರ್ಜಿಯೂ ಒಂದು ಕಾರಣವಾಗಿರಬಹುದು. ಇದು ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಹಸುವಿನ ಹಾಲಿನ ಪ್ರೋಟೀನು ಮುಖ್ಯ ಕಾರಣವಾಗಿದ್ದು, ಸೋಯಾ ಮತ್ತು ಮೊಟ್ಟೆ ನಂತರದವು. ತಾಯಿ ಸೇವಿಸಿದ ಹಾಲಿನ ಪ್ರೋಟೀನು ಅಲ್ಪ ಪ್ರಮಾಣದಲ್ಲಿ ಎದೆಹಾಲಿನ ಮೂಲಕ ಶಿಶುವನ್ನು ತಲುಪುತ್ತದೆ.

ಈ ಕಾರಣಕ್ಕಾಗಿ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಎದೆಹಾಲು ನಿಲ್ಲಿಸಿ ಮೇಕೆ ಅಥವಾ ಎಮ್ಮೆಯ ಹಾಲು ಕೊಡುವಂತೆ ಮನೆಯ ಹಿರಿಯರು ಸೂಚಿಸುವುದುಂಟು. ಆ ಹಾಲುಗಳ ಪ್ರೋಟೀನುಗಳೂ ಹಸುವಿನ ಹಾಲಿನವನ್ನೇ ಹೋಲುವುದರಿಂದ ಇದರಿಂದ ಪ್ರಯೋಜನವಿಲ್ಲ.

ರಕ್ತ ಅಥವಾ ಚರ್ಮದ ಅಲರ್ಜಿ ಪರೀಕ್ಷೆಗಳು ಈ ಬಗೆಯ ಅಲರ್ಜಿಯನ್ನು ಸಾಮಾನ್ಯವಾಗಿ ತೋರಿಸುವುದಿಲ್ಲವಾದ್ದರಿಂದ, ವೈದ್ಯರು ಸೂಚಿಸದೆ ಅವುಗಳಿಗೆ ಹಣ ವ್ಯಯಿಸತಕ್ಕದ್ದಲ್ಲ. ವೈದ್ಯರ ಸಲಹೆಯ ಮೇರೆಗೆ ತಾಯಿಯು 2ರಿಂದ 4 ವಾರ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ ಹಾಗೂ ಹಾಲಿನ ಸಿಹಿತಿಂಡಿಗಳನ್ನು ತ್ಯಜಿಸಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನೂ ಓದುವುದು ಅಗತ್ಯ. ಕಣ್ಣಿಗೆ ಕಾಣುವ ರಕ್ತ ಬಹುಮಟ್ಟಿಗೆ ಕೆಲವು ದಿನಗಳಿಂದ ಎರಡು ವಾರಗಳೊಳಗೆ ನಿಲ್ಲುತ್ತದೆ. ಬಳಿಕ ವೈದ್ಯರ ಸೂಚನೆಯಂತೆ ತಾಯಿ ಮತ್ತೆ ಹಾಲು ಸೇವಿಸಿದಾಗ ರಕ್ತ ಮರುಕಳಿಸಿದಲ್ಲಿ ಮಾತ್ರ ಅಲರ್ಜಿ ಖಚಿತವಾಗುತ್ತದೆ. ಈ ಮರುಪರೀಕ್ಷೆಯನ್ನು ಬಿಟ್ಟುಬಿಟ್ಟರೆ ತಾಯಿಯು ಅನಗತ್ಯ ಪಥ್ಯವನ್ನು ತಿಂಗಳುಗಟ್ಟಲೆ ಅನುಸರಿಸುವಂತಾಗುತ್ತದೆ. ಬಾಣಂತಿಯರಿಗೆ ಮೊದಲೇ ಪಥ್ಯಗಳು ಹೆಚ್ಚು.

ಹಾಲುಣಿಸುವ ತಾಯಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಅವಶ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಎಳ್ಳು ಹಾಗೂ ನುಗ್ಗೆಸೊಪ್ಪು ಸಹ ಉತ್ತಮ. ಉಳಿದ ಕೊರತೆಗೆ ವೈದ್ಯರು ಮಾತ್ರೆ ನೀಡುವರು. ಬಾಟಲಿ ಹಾಲು ಕುಡಿಯುವ ಶಿಶುಗಳಿಗೆ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿಯನ್ನು ವೈದ್ಯರ ಚೀಟಿಯ ಮೇಲೆಯೇ ಬಳಸಬೇಕು.

2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟದಲ್ಲಿ ಹಾಲು, ಮೊಟ್ಟೆಗಳು ಸೇರಿರುವುದರಿಂದ, ಫಲಾನುಭವಿ ತಾಯಂದಿರು ತಮ್ಮ ಪಥ್ಯವನ್ನು ಅಂಗನವಾಡಿ ಕಾರ್ಯಕರ್ತೆಯ ಗಮನಕ್ಕೆ ತರತಕ್ಕದ್ದು. ಹಾಲು ಬಿಡಲು ಹೇಳಿದ ಮಾತ್ರಕ್ಕೆ ಊಟವನ್ನೇ ಬಿಡುವುದು ಬೇಡ.

ಮಲದಲ್ಲಿ ರಕ್ತ ಕಂಡೊಡನೆ ಅಲರ್ಜಿಯೆಂದು ಸ್ವತಃ ನಿರ್ಧರಿಸಬಾರದು. ಗುದದ್ವಾರದ ಬಿರುಕು, ರಕ್ತಭೇದಿ, ಕೆ ಜೀವಸತ್ವದ ಕೊರತೆಗಳಿಂದಲೂ ರಕ್ತ ಬರುತ್ತದೆ. ಜ್ವರ, ಹಸಿರು ವಾಂತಿ, ಹೊಟ್ಟೆಯುಬ್ಬರ, ಬಿಟ್ಟುಬಿಟ್ಟು ಚೀರಿ ಅಳುವುದು, ಮಂಕಾಗುವುದು, ಹಾಲು ಕುಡಿಯದಿರುವುದು ಅಥವಾ ಹೆಚ್ಚು ರಕ್ತಸ್ರಾವ ಇದ್ದಲ್ಲಿ ಕರುಳು ಮಡಚಿಕೊಂಡಿರುವ ಸಂಭವವೂ ಇರುವುದರಿಂದ ತಕ್ಷಣ 108ಕ್ಕೆ ಕರೆ ಮಾಡಬೇಕು.

ಆಸ್ಪತ್ರೆಗೆ ಬರುವಾಗ ಶಿಶುವಿನ ತೂಕ ನಮೂದಾಗಿರುವ ತಾಯಿ ಕಾರ್ಡನ್ನು ತರುವುದು. ಬಹುತೇಕ ಮಕ್ಕಳು ಒಂದು ವರ್ಷ ತುಂಬುವ ವೇಳೆಗೆ ಹಾಲನ್ನು ಸಹಿಸಿಕೊಳ್ಳುತ್ತಾರೆ. ಅಂಗನವಾಡಿಯಲ್ಲಿ ಕೊಡುವ ಹಾಲನ್ನು ಆರಂಭಿಸುವ ಮುನ್ನ ವೈದ್ಯರನ್ನು ಒಮ್ಮೆ ಕೇಳುವುದು.